ಗೆರೆ ನೋಡಬೇಡ ಕಣೇ, ಕೂಸು ನೋಡು

ಕೂಸು ಹುಟ್ಟೋ ಮುಂಚೆ ಕುಲಾವಿ ಅನ್ನುವ ಗಾದೆ ನಮ್ಮ ಕಾಲದ್ದು. ನಿಮ್ಮ ಕಾಲಕ್ಕೆ ಅದು ಸಾಲದು. ಏಳು ತಿಂಗಳು ತುಂಬುವಷ್ಟರಲ್ಲೇ ಮನೆಗೆ ಪಂಪು ಬಂದಿರುತ್ತದೆ, ಹಾಲು ತುಂಬಿಡುವ ಚೀಲ ಬಂದಿರುತ್ತದೆ, ಬಾಟಲಿ ಬೇಯಿಸುವ ಯಂತ್ರ ಮಿಕ್ಸಿಯ ಜಾಗ ಹಿಡಿದು ಕೂತಿರುತ್ತದೆ. ಎದೆಯಲ್ಲಿ ಹಾಲು ಹೇಗೆ ಇಳಿಯುತ್ತದೆ ಅಂತ ಮಾತ್ರ ಯಾರನ್ನೂ ಕೇಳಿರುವುದಿಲ್ಲ. ಬೈಯುತ್ತಿಲ್ಲ ತಾಯಿ. ಮುಂದಾಲೋಚನೆ ಒಳ್ಳೆಯದೇ. ನೀನು ಅದಕ್ಕಿಂತಲೂ ನಾಲ್ಕು ಹೆಜ್ಜೆ ಮುಂದೆ ಓಡುತ್ತೀಯಲ್ಲ, ಅದಕ್ಕೆ ಹೇಳಿದೆ.

ಮಗುವನ್ನು ಎದೆಗೇ ಹಾಕಿಕೊಳ್ಳುವುದೋ, ಪಂಪಿನಲ್ಲಿ ಹಿಂಡಿ ಕುಡಿಸುವುದೋ ಅಂತ ನಿನಗೆ ಯೋಚನೆ. ನಿಮ್ಮತ್ತೆ, ‘ಯಂತ್ರದಲ್ಲಿ ಹಿಂಡಿದ್ದು ಒಂದು ಹಾಲೇ?’ ಅನ್ನುತ್ತಾರೆ. ನಿನ್ನ ಗೆಳತಿ, ‘ಪಂಪ್ ಮಾಡಿಬಿಡೇ, ಆರಾಮ. ಯಾರು ಬೇಕಾದರೂ ಕುಡಿಸಬಹುದು’ ಅನ್ನುತ್ತಾಳೆ. ಅತ್ತೆಗೆ ಎದುರಾಡಬೇಡ, ಆದರೆ ಹಿಂಡಿದ್ದೂ ನಿನ್ನ ಹಾಲೇ, ಅದರ ಸತ್ವ ಎಲ್ಲಿಗೂ ಓಡಿಹೋಗುವುದಿಲ್ಲ. ಇನ್ನು ಗೆಳತಿ ಹೇಳುವ ಆರಾಮ. ಆ ಮಾತನ್ನು ನಂಬಿದೆಯೋ, ಕೆಟ್ಟೆ.

ಲೆಕ್ಕ ಹಾಕು. 15ರಿಂದ 20 ನಿಮಿಷ ಕೂತು ಹಿಂಡಬೇಕು. ಆಮೇಲೆ ಅದನ್ನು ಕುಡಿಸಬೇಕು. ಆಮೇಲೆ ತೊಳೆಯಬೇಕು. ಬಟ್ಟಲು, ವಾಲ್ವು, ಬಾಟಲಿ, ನಿಪ್ಪಲ್ಲು ಎಲ್ಲವನ್ನೂ ಬಿಡಿಸಿ, ಸೋಪು ಹಾಕಿ, ಬಿಸಿನೀರಿನಲ್ಲಿ ಜಾಲಿಸಿ ಒಣಗಿಸಬೇಕು. ಎಳೆಗೂಸಾದರೆ ದಿನಕ್ಕೊಮ್ಮೆ ಕುದಿಸಲೂ ಬೇಕು. ಅವು ಒಣಗುವಷ್ಟರಲ್ಲಿ ಮುಂದಿನ ಸರದಿ ಬಂದಿರುತ್ತದೆ. ಎದೆಗೆ ಹಾಕಿಕೊಂಡರೆ ತೊಳೆಯುವುದಕ್ಕೆ ಏನಿದೆ? ರಾತ್ರಿ ಎರಡು ಗಂಟೆಗೆ ದೀಪ ಕೂಡ ಹಚ್ಚದೆ, ಅರ್ಧ ನಿದ್ದೆಯಲ್ಲೇ ಕೆಲಸ ಮುಗಿಯುತ್ತದೆ. ಪಂಪು ಕೆಲಸ ಕಡಿಮೆ ಮಾಡುವ ಸಾಮಾನಲ್ಲ. ಈ ಹೊತ್ತಿನ ಹಾಲನ್ನು ಇನ್ನೊಂದು ಹೊತ್ತಿಗೆ ಎತ್ತಿಡುವ ಸಾಮಾನು. ಎತ್ತಿಡುವ ಕಾರಣ ಇದ್ದವಳಿಗೆ ಅದು ದೇವರು ಕೊಟ್ಟ ವರ. ಕಾರಣ ಇಲ್ಲದೆ, ಬರೀ ಹೆದರಿಕೆಗೆ ಹಿಂಡುವವಳಿಗೆ ಇಲ್ಲದ ಉಪದ್ವ್ಯಾಪ.

ಆ ಹೆದರಿಕೆ ಯಾವುದು ಅಂತ ನನಗೆ ಗೊತ್ತು. ‘ಹಾಲು ಸಾಲುತ್ತಿಲ್ಲ.’ ಹೆರಿಗೆ ವಾರ್ಡಿನಲ್ಲೇ ಕೂದಲು ನೆರೆಸಿಕೊಂಡವಳು ನಾನು. ಬಾಣಂತಿಯರ ಬಾಯಲ್ಲಿ ಇಷ್ಟು ಸಲ ಕೇಳಿದ ಮಾತು ಇನ್ನೊಂದಿಲ್ಲ. ಬಾಣಂತಿಗಿಂತ ಮೊದಲು ಅದನ್ನು ಹೇಳುವುದು ನೋಡಲು ಬಂದ ನೆಂಟರು. ಮಗು ಒಂದು ಸಲ ಕುಯ್ಯೋ ಅಂದರೆ ಸಾಕು, ‘ಹಾಲು ಕಡಿಮೆ ಇರಬೇಕು, ಪಾಪ’ ಅಂದು, ಕಾಫಿ ಕುಡಿದು ಹೋಗುತ್ತಾರೆ. ಅವರು ಹೋದ ಮೇಲೆ ನೀನು ಪಂಪು ಹಚ್ಚುತ್ತೀಯ. 30 ಮಿಲಿ ಗೆರೆ ಮುಟ್ಟುವುದಿಲ್ಲ. ಅಲ್ಲಿಗೆ ಅಳು ಶುರು.

ಆ ಗೆರೆ ನೋಡಬೇಡ ಕಣೇ. ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವುದೇ ತೊಟ್ಟು ತೊಟ್ಟು, ಮಂದವಾಗಿ, ಹಳದಿಯಾಗಿ. ಕೂಸಿಗೆ ಆಗ ಬೇಕಾದದ್ದೂ ಅಷ್ಟೇ. ಹಾಲು ತುಂಬಿ ಬರುವುದು ಮೂರನೆಯದೋ ನಾಲ್ಕನೆಯದೋ ದಿನಕ್ಕೆ, ಕೆಲವರಿಗೆ ಇನ್ನೂ ಒಂದು ದಿನ ತಡ. ಅಷ್ಟರೊಳಗೆ ಪಂಪು ಹಚ್ಚಿದರೆ ಆ ಹಳದಿ ಹಾಲು ಬಟ್ಟಲಿಗೇ ಅಂಟಿಕೊಳ್ಳುತ್ತದೆ, ಬಾಟಲಿಗೆ ಇಳಿಯುವುದಿಲ್ಲ. ಮುಂದೆ ಹಾಲು ಚೆನ್ನಾಗಿ ಕೂತ ಮೇಲೂ, ಮಗು ಕುಡಿದು ಬಿಟ್ಟ ಎದೆಗೆ ಪಂಪು ಹಚ್ಚಿ ಎರಡು ಚಮಚ ಬಂತು ಅಂತ ಕೊರಗುವುದರಲ್ಲಿ ಅರ್ಥವಿಲ್ಲ. ಯಂತ್ರ ಎಳೆದಷ್ಟೇ ನಿನ್ನ ಹಾಲು ಅಂತ ತಿಳಿಯಬೇಡ. ಗಟ್ಟಿಯಾಗಿ ಬಾಯಿ ಹಿಡಿದ ಕೂಸು ಅದಕ್ಕಿಂತ ಚೆನ್ನಾಗಿ ಎಳೆಯುತ್ತದೆ.

ಹಸು ಕರೆಯುವವರನ್ನು ಕೇಳಿ ನೋಡು. ಕರು ಬಂದು ಮೂತಿ ತಗುಲಿಸುವವರೆಗೆ ಎಷ್ಟೋ ಹಸು ಸೊರ ಬಿಡುವುದಿಲ್ಲ, ಕೆಚ್ಚಲು ತುಂಬಿದ್ದರೂ ಅಷ್ಟೆ. ನಮ್ಮದೂ ಅದೇ ಕಥೆ. ಮಗುವಿನ ಅಳು ಕೇಳಿದರೆ, ವಾಸನೆ ಬಂದರೆ ಎದೆ ಜುಮ್ಮೆಂದು ಹಾಲು ಇಳಿಯುತ್ತದೆ. ಡಾಕ್ಟರರು ಅದು ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನ ಕೆಲಸ ಅನ್ನುತ್ತಾರೆ. ಗಾಬರಿ, ನೋವು, ಸಂಕೋಚ ಇದ್ದರೆ ಅದಕ್ಕೆ ತಡೆಯಾಗುತ್ತದೆ. ಗೆರೆಯನ್ನೇ ದಿಟ್ಟಿಸಿ ಕೂತವಳಿಗೆ ಹಾಲು ಇಳಿಯದಿರುವುದು ಅದಕ್ಕೇ. ಬಾಟಲಿಗೆ ಒಂದು ಕಾಲುಚೀಲ ಹಾಕಿ ಮುಚ್ಚಿಡು, ಗೆರೆ ಕಾಣದ ಹಾಗೆ. ನಗಬೇಡ, ಕೆಲಸ ಮಾಡುತ್ತದೆ.

ಮಗುವಿಗೆ ಸಾಲುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಮಗುವಿನಿಂದಲೇ. ಐದು ದಿನ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ಬಟ್ಟೆ ಒದ್ದೆಯಾಗಬೇಕು. ಹುಟ್ಟಿದಾಗಿನ ತೂಕ ಮೊದಲು ಸ್ವಲ್ಪ ಇಳಿದು, ಸುಮಾರು ಎರಡು ವಾರಕ್ಕೆ ವಾಪಸು ಬರಬೇಕು. ಇವೆರಡೂ ಸರಿಯಿದ್ದರೆ ನೆಂಟರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸು. ಸರಿಯಿಲ್ಲದಿದ್ದರೆ ಗೂಗಲ್ ಮಾಡುತ್ತಾ ಕೂರಬೇಡ, ಡಾಕ್ಟರ ಹತ್ತಿರ ಹೋಗು.

ಕುಡಿಯುವಾಗ ಮಗುವಿನ ದವಡೆ ನೋಡು. ಮೊದಲು ಚಕಚಕ ಚೀಪುತ್ತದೆ, ಹಾಲು ಇಳಿಸಿಕೊಳ್ಳುವುದಕ್ಕೆ. ಇಳಿಯಿತೋ, ಲಯ ಬದಲಾಗುತ್ತದೆ. ನಿಧಾನಕ್ಕೆ, ದೊಡ್ಡದಾಗಿ ದವಡೆ ತೆರೆದು, ಒಂದು ಕ್ಷಣ ತಡೆದು, ಗುಟುಕ್. ಕಿವಿಯ ಮುಂಭಾಗ ಅಲ್ಲಾಡುವುದು ಕಾಣುತ್ತದೆ. ಗಲ್ಲ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಿಸಿರಬೇಕು, ತೊಟ್ಟಷ್ಟೇ ಅಲ್ಲದೆ ಸುತ್ತಲ ಕಪ್ಪು ಭಾಗವೂ ಬಾಯಿ ತುಂಬ ಹೋಗಿರಬೇಕು. ಬರೀ ತೊಟ್ಟು ಕಚ್ಚಿಕೊಂಡರೆ ನಿನಗೆ ಪ್ರಾಣ ಹೋಗುವ ನೋವು, ಅದಕ್ಕೆ ಅರೆಹೊಟ್ಟೆ. ಹಾಗಾದಾಗ ಹಲ್ಲು ಕಚ್ಚಿ ಸಹಿಸಬೇಡ. ಮಗುವಿನ ಬಾಯಿಯ ಅಂಚಿಗೆ ಕಿರುಬೆರಳು ತೂರಿಸಿ ಬಿಡಿಸಿಕೊಂಡು, ಮತ್ತೆ ಹಿಡಿಸು. ‘ಮೊದಲ ಬಾಣಂತನ, ನೋವು ಇದ್ದದ್ದೇ’ ಅನ್ನುವವರ ಮಾತು ಕೇಳಿ ತೊಟ್ಟು ಬಿರಿಸಿಕೊಂಡು, ಕೊನೆಗೆ ಪಂಪೇ ಗತಿ ಅಂದುಕೊಂಡ ಹುಡುಗಿಯರನ್ನು ಬಹಳ ನೋಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕೂತು ಮಗುವಿನ ತಲೆ ಸರಿಮಾಡಿಕೊಡುವ ಒಬ್ಬರು, ಅಷ್ಟೆ.

ಇದನ್ನೆಲ್ಲ ಹೇಳಿದೆ ಅಂತ ಪಂಪು ಹಿಡಿದ ತಾಯಂದಿರನ್ನು ನೋಡಿ ಮೂಗು ಮುರಿದೀಯೆ! ತಿಂಗಳು ತುಂಬದೆ ಹುಟ್ಟಿ ಐಸಿಯುವಿನಲ್ಲಿ ಮಲಗಿದ ಕೂಸಿಗೆ ಚೀಪುವ ಶಕ್ತಿಯೇ ಇರುವುದಿಲ್ಲ. ಅದರ ತಾಯಿ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರುಮಾಡಿ, ರಾತ್ರಿಯೂ ಬಿಡದೆ, ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಎದೆ ಬರಿದಾದಷ್ಟೂ ಹಾಲು ಊರುತ್ತದೆ, ತುಂಬಿಕೊಂಡೇ ಇದ್ದರೆ ಸಾಕೆಂದು ನಿಲ್ಲುತ್ತದೆ. ಹೊಲಿಗೆ ಬಿಗಿಯುತ್ತಿದ್ದರೂ ಗೋಡೆ ಹಿಡಿದು ನಡೆದು ಬಂದು, ಬಟ್ಟಲಲ್ಲಿ ನಾಲ್ಕು ಹನಿ ತಂದುಕೊಡುವವರು ಅವರು. ಸೀಳು ಅಂಗುಳಿನ ಮಕ್ಕಳಿರುತ್ತವೆ, ಏನು ಮಾಡಿದರೂ ಬಾಯಿ ಹಿಡಿಯದ ಹಟಮಾರಿಗಳಿರುತ್ತವೆ. ತಿಂಗಳುಗಟ್ಟಲೆ ಹಿಂಡಿಯೇ ಸಾಕಿದ ತಾಯಂದಿರಿದ್ದಾರೆ. ಅವರ ಮುಂದೆ ‘ನೇರವಾಗಿ ಕೊಟ್ಟರೇ ಪ್ರೀತಿ’ ಅಂತ ಉಪದೇಶ ಮಾಡುವವರಿಗೆ ನಾಚಿಕೆಯಾಗಬೇಕು.

ಹಾಲು ಹೆಚ್ಚಾಯಿತು ಅನ್ನುವವರಿಗೂ ದಾರಿಯಿದೆ. ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ಶುರುವಾಯಿತು. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಬಂತು. ಯಾರದೋ ಹಾಲು ಯಾರದೋ ಕೂಸನ್ನು ಉಳಿಸುತ್ತದೆ. ಹಾಗಂತ ಫ್ರೀಜರ್ ತುಂಬಿಸುವ ಹುಚ್ಚಿಗೆ ಬೀಳಬೇಡ. ಮಗುವಿಗೂ ಕುಡಿಸಿ, ಮೇಲಿಂದ ಪಂಪೂ ಹಚ್ಚಿದರೆ ಎದೆ ಅವಳಿ ಮಕ್ಕಳಿವೆ ಅಂದುಕೊಳ್ಳುತ್ತದೆ. ಆಮೇಲೆ ಹಾಲು ಕಟ್ಟಿ, ಕಲ್ಲಾಗಿ, ಜ್ವರ ಬರುತ್ತದೆ. ಕಟ್ಟಿದಾಗ ನಮ್ಮ ಕಾಲದ ಹಾಗೆ ಬಿಸಿ ಕೊಟ್ಟು ಬಲವಾಗಿ ನೀವಬಾರದು ಅಂತ ಈಗ ಹೇಳುತ್ತಾರೆ. ತಣ್ಣನೆ ಬಟ್ಟೆ ಇಟ್ಟು, ಮಗುವಿಗೆ ಕುಡಿಸಿ, ಜ್ವರ ಬಂದರೆ ಡಾಕ್ಟರಿಗೆ ತೋರಿಸಬೇಕು.

ಪಂಪಿಗಿಂತ ಮುಂಚೆ ಕೈಯಲ್ಲಿ ಹಿಂಡುವುದನ್ನು ಕಲಿ. ಕರೆಂಟು ಹೋದರೂ ಕೈ ಕೆಲಸ ಮಾಡುತ್ತದೆ, ಆ ಹಳದಿ ಹಾಲಿಗೂ ಕೈಯೇ ಮೇಲು. ಕೈ ತೊಳೆದುಕೋ. ತೊಟ್ಟಿನಿಂದ ಸ್ವಲ್ಪ ಹಿಂದೆ, ಮೇಲೆ ಹೆಬ್ಬೆರಳು, ಕೆಳಗೆ ಉಳಿದ ಬೆರಳು. ಮೊದಲು ಪಕ್ಕೆಲುಬಿನ ಕಡೆಗೆ ಒತ್ತು, ಆಮೇಲೆ ಬೆರಳು ಕೂಡಿಸಿ ಒತ್ತು, ಬಿಡು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲು ಏನೂ ಬರುವುದಿಲ್ಲ. ತಾಳ್ಮೆಗೆಡಬೇಡ. ಎಲ್ಲಿ ನಿನ್ನ ತಾಳ್ಮೆ! ಇನ್ನೊಂದು ನಿಮಿಷ. ಹನಿ ಬರುತ್ತದೆ, ಆಮೇಲೆ ಸಣ್ಣ ಧಾರೆ.

ಹಿಂಡಿದ್ದನ್ನು ಕುಡಿಸುವುದಕ್ಕೆ ಬಾಟಲಿಯೇ ಆಗಬೇಕೆಂದಿಲ್ಲ. ನಿಮ್ಮಮ್ಮನ ಕಪಾಟಿನಲ್ಲಿ ನಿನಗೇ ಹಾಲು ಹಾಕಿದ ಬೆಳ್ಳಿ ಒಳಲೆ ಇರಬೇಕು, ಹುಡುಕು. ಇಲ್ಲದಿದ್ದರೆ ಸ್ಟೀಲಿನದು ಸಾಕು. ಮಗುವನ್ನು ತೊಡೆಯ ಮೇಲೆ ತಲೆ ಎತ್ತರವಾಗಿ ಕೂರಿಸಿಕೊಂಡು, ಒಳಲೆಯ ಮೂತಿ ತುಟಿಯ ಅಂಚಿಗೆ ತಾಗಿಸಿ, ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಇನ್ನು ಸ್ವಲ್ಪ. ಗಂಟಲಿಗೆ ಸುರಿಯಬಾರದು. ದೊಡ್ಡ ಆಸ್ಪತ್ರೆಗಳಲ್ಲೂ ಎಳೆಗೂಸುಗಳಿಗೆ ಹೀಗೇ ಕುಡಿಸುತ್ತಾರೆ. ಬಾಟಲಿಯಲ್ಲಿ ಹಾಲು ತಾನಾಗಿ ಸುರಿಯುತ್ತದೆ, ಆ ಸುಖ ಕಂಡ ಕೆಲವು ಮಕ್ಕಳು ಎದೆಯ ಹತ್ತಿರ ಮುಖ ತಿರುಗಿಸುತ್ತವೆ. ಬಾಟಲಿಯೇ ಬೇಕಾದರೆ, ಎದೆ ಹಿಡಿಯುವುದು ರೂಢಿಯಾಗುವವರೆಗೆ, ಒಂದು ತಿಂಗಳಾದರೂ ತಡೆ.

ಇನ್ನು ನಿನ್ನ ಆಫೀಸು. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. 12 ವಾರ ಇದ್ದದ್ದನ್ನು 2017ರಲ್ಲಿ ಏರಿಸಿದರು. ಹೆರಿಗೆ ಹತ್ತಿರ ಬರುವವರೆಗೂ ಕೆಲಸ ಮಾಡಿ, ರಜೆಯನ್ನೆಲ್ಲ ಆಮೇಲಕ್ಕೆ ಉಳಿಸಿಕೊಂಡರೆ ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ನೀನು ಹೊರಡುತ್ತೀಯ. ಎದೆಹಾಲೊಂದೇ ಸಾಕು, ನೀರು ಕೂಡ ಬೇಡ ಅನ್ನುವ ಕಾಲ ಅಲ್ಲಿಗೆ ಮುಗಿದು, ರಾಗಿ ಸರಿ ಶುರುವಾಗಿರುತ್ತದೆ. ನೀನು ಈಗ ಭಯಪಡುತ್ತಿರುವಷ್ಟು ಹಾಲು ಆಗ ಹಿಂಡಬೇಕಾಗಿಯೇ ಇರುವುದಿಲ್ಲ. ಮನೆಗೆಲಸದವರಿಗೆ, ದಿನಗೂಲಿಯವರಿಗೆ ಹೆಚ್ಚಾಗಿ ಈ ಯಾವ ರಜೆಯೂ ಸಿಗುವುದಿಲ್ಲ. ಅವರು ತಿಂಗಳೊಪ್ಪತ್ತಿಗೇ ಕೆಲಸಕ್ಕೆ ಹೊರಡುತ್ತಾರೆ. ನಿಮ್ಮ ಮನೆಗೆ ಬರುವಾಕೆಯನ್ನು ಒಮ್ಮೆ ಕೇಳಿ ನೋಡು.

ಬಿಟ್ಟುಹೋಗುವ ಹೊತ್ತಿಗೆ, ಗಂಟೆಗೆ 30ರಿಂದ 40 ಮಿಲಿ ಅಂತ ಲೆಕ್ಕ ಇಟ್ಟುಕೋ. 50 ಜನ ಅಥವಾ ಅದಕ್ಕಿಂತ ಹೆಚ್ಚಿರುವ ಕಡೆ ಕೂಸಿನ ಮನೆ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು ಅಂತಲೂ ಕಾನೂನಿದೆ. ಕೇಳುವುದಕ್ಕೆ ಸಂಕೋಚಪಡಬೇಡ. ಕೂಸಿನ ಮನೆ ಇಲ್ಲವಾದರೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆಯನ್ನಾದರೂ ಕೇಳು. ಟಾಯ್ಲೆಟ್ಟಿನಲ್ಲಿ ಕೂತು ಹಿಂಡಬೇಡ. ಅಲ್ಲಿ ಕೂತು ನೀನು ಊಟ ಮಾಡುತ್ತೀಯಾ? ಹಿಂಡುವಾಗ ಫೋನಿನಲ್ಲಿ ಮೇಲ್ ನೋಡಬೇಡ, ಮಗುವಿನ ವಿಡಿಯೋ ನೋಡು.

ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು ಅನ್ನುತ್ತಾರೆ. ಆ 4 ಗಂಟೆ 25 ಡಿಗ್ರಿ ಒಳಗಿನ ಲೆಕ್ಕ. ಕಲಬುರಗಿಯ ಮೇ ತಿಂಗಳಿಗಲ್ಲ, ಈಗಿನ ಬೆಂಗಳೂರಿನ ಏಪ್ರಿಲ್ಲಿಗೂ ಅಲ್ಲ. ಐಸ್ ಇಟ್ಟ ಚೀಲದಲ್ಲೇ ಮನೆಗೆ ತಾ. ಫ್ರಿಜ್ಜಿನ ಬಾಗಿಲಲ್ಲಿಡಬೇಡ, ಒಳಗೆ ಹಿಂಬದಿಗೆ ಇಡು, ತಾರೀಖು ಬರೆ. ಬೆಚ್ಚಗೆ ಮಾಡಲು ಬಿಸಿನೀರಿನ ಬಟ್ಟಲು ಸಾಕು. ಒಲೆಯ ಮೇಲೂ ಬೇಡ, ಮೈಕ್ರೋವೇವಂತೂ ಬೇಡವೇ ಬೇಡ. ಎರಡು ದಿನ ಕರೆಂಟು ಹೋಗಿ ಫ್ರೀಜರಿನ ಹಾಲು ಕರಗಿತೋ, ಕರುಳು ಚುರುಕ್ ಅಂದರೂ ಚೆಲ್ಲಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು.

ಸಂಜೆ ಮನೆಗೆ ಬಂದವಳು ಪಂಪನ್ನು ಚೀಲದಲ್ಲೇ ಬಿಟ್ಟು, ಕೈಕಾಲು ತೊಳೆದು ಮಗುವನ್ನು ಎತ್ತಿಕೋ. ನೀನು ಹತ್ತಿರ ಇದ್ದಾಗ ಎದೆ, ದೂರ ಇದ್ದಾಗ ಪಂಪು. ಹಗಲೆಲ್ಲ ಒಳಲೆಯಲ್ಲಿ ಕುಡಿದ ಕೂಸು ರಾತ್ರಿ ಮತ್ತೆ ಮತ್ತೆ ಎದ್ದು ನಿನ್ನನ್ನೇ ಹುಡುಕುತ್ತದೆ. ಕೆಟ್ಟ ಚಾಳಿ ಕಲಿಯಿತು ಅಂತ ಬೈಯಬೇಡ, ಹಗಲಿನ ಬಾಕಿ ವಸೂಲಿ ಮಾಡುತ್ತಿದೆ. ರಾತ್ರಿ ಕುಡಿಸಿದರೆ ಹಾಲೂ ಚೆನ್ನಾಗಿ ಊರುತ್ತದೆ.

ಅಷ್ಟು ಹೊತ್ತಿಗೆ ನಿನ್ನ ಗಂಡ, ‘ನಾನೇನು ಮಾಡಲಿ, ಹಾಲು ಕೊಡುವುದಕ್ಕೆ ನನ್ನಿಂದ ಆಗುತ್ತದೆಯೇ?’ ಅಂತ ಮಗ್ಗುಲಾಗುತ್ತಾನೆ. ಎಬ್ಬಿಸು. ತೇಗಿಸುವುದು, ಬಟ್ಟೆ ಬದಲಿಸುವುದು ಅವನ ಪಾಲಿಗೆ. ಸಿಂಕಿನಲ್ಲಿ ಬಟ್ಟಲು, ವಾಲ್ವು, ಬಾಟಲಿ ಬಿದ್ದಿರುತ್ತವಲ್ಲ, ಅವೂ ಅವನ ಪಾಲಿಗೆ. ವಾಲ್ವನ್ನು ಉಜ್ಜಿ ಹರಿದುಹಾಕಬೇಡ, ಮೆತ್ತಗೆ ತೊಳಿ ಅಂತ ಮೊದಲೇ ಹೇಳಿಕೊಡು. ಒಂದು ಹರಿದರೆ ಇನ್ನೊಂದು ತರುವುದಕ್ಕೂ ಅವನೇ ಹೋಗಲಿ.