‘ಡಾರ್ಕ್‌ಲಿ’: ಕತ್ತಲೆಯೋ, ಮುಸುಕೋ?

ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಲಿ’ ಎಂಬ ಪ್ರತ್ಯಯವನ್ನು ಹಚ್ಚಿದರೆ ಕ್ರಿಯಾವಿಶೇಷಣವು ಸಿದ್ಧವಾಗುವುದೆಂದು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಪ್ರತ್ಯಯವು ಸೇರಿದೊಡನೆ ಅರ್ಥವೂ ತುಸು ಜರುಗುವುದುಂಟು. ‘ಡಾರ್ಕ್’ ಎಂದರೆ ಕತ್ತಲೆಯಾದ, ಕಪ್ಪಾದ. ಹಾಗಾದರೆ ‘ಡಾರ್ಕ್‌ಲಿ’ ಎಂದರೆ ‘ಕತ್ತಲೆಯಲ್ಲಿ’ ಎಂದಾಗುವುದೇ? ವಿಚಾರಿಸೋಣ.

‘ಹಿ ಸ್ಯಾಟ್ ಇನ್ ದ ಡಾರ್ಕ್’ ಎಂದರೆ ಅವನು ಕತ್ತಲೆಯಲ್ಲಿ ಕುಳಿತನು. ‘ಹಿ ಲುಕ್ಡ್ ಡಾರ್ಕ್‌ಲಿ ಅಟ್ ಮಿ’ ಎಂದರೆ ಅವನು ಮುಖ ಗಂಟಿಕ್ಕಿ ನೋಡಿದನು. ಅದು ನಡುಹಗಲಾದರೂ ಸರಿಯೆ. ಈ ಪದಕ್ಕೆ ಮುಖ್ಯವಾಗಿ ಮೂರು ಅರ್ಥಗಳುಂಟು. ಮೊದಲನೆಯದು, ಕಡುಬಣ್ಣದಿಂದ ಎಂಬುದು. ಎರಡನೆಯದು, ವಿಷಾದ, ಕೋಪ ಅಥವಾ ಕೇಡಿನ ಸೂಚನೆಯೊಡನೆ ಎಂಬುದು. ‘ಹಿಂಟೆಡ್ ಡಾರ್ಕ್‌ಲಿ’ ಎಂಬಲ್ಲಿ ಇರುವುದು ಇದೇ. ಮೂರನೆಯದು, ಅಸ್ಪಷ್ಟವಾಗಿ, ಗೂಢವಾಗಿ ಎಂಬುದು.

ಮೂರನೆಯ ಅರ್ಥಕ್ಕೆ ಪ್ರಸಿದ್ಧ ನಿದರ್ಶನವು 1611ರಲ್ಲಿ ಪ್ರಕಟವಾದ ಬೈಬಲಿನ ಇಂಗ್ಲಿಷ್ ಭಾಷಾಂತರದಲ್ಲಿದೆ. ಕೊರಿಂಥ್ ನಗರದವರಿಗೆ ಪೌಲನು ಬರೆದ ಮೊದಲ ಪತ್ರದಲ್ಲಿ, ಮಾನವನ ಅಪೂರ್ಣ ಜ್ಞಾನವನ್ನು ‘ಗ್ಲಾಸ್’ನಲ್ಲಿ ಕಾಣುವ ನೋಟಕ್ಕೆ ಹೋಲಿಸಿ, ಈ ಪದವನ್ನು ಬಳಸಲಾಗಿದೆ. ಅಲ್ಲಿಯ ‘ಗ್ಲಾಸ್’ ಕಿಟಕಿಯ ಗಾಜಲ್ಲ, ದರ್ಪಣ. ಮೂಲ ಗ್ರೀಕಿನಲ್ಲಿರುವುದು ‘ಒಗಟಿನಲ್ಲಿ’ ಎಂಬರ್ಥದ ಮಾತು. ಅಂದಿನ ದರ್ಪಣಗಳು ಬಹುಮಟ್ಟಿಗೆ ಉಜ್ಜಿ ನಯಗೊಳಿಸಿದ ಕಂಚಿನವು. ಕಂಚು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಮೇಲ್ಮೈಯ ಗೀರುಗಳು ಇನ್ನೊಂದು ಪಾಲನ್ನು ಚದರಿಸುತ್ತವೆ. ಆದಕಾರಣ ಬಿಂಬವು ಮಸುಕಾಗುತ್ತದೆ. ಗಾಜಿನ ಮೇಲೆ ಬೆಳ್ಳಿಯನ್ನು ಲೇಪಿಸುವ ರಾಸಾಯನಿಕ ಕ್ರಮವನ್ನು ಲೀಬಿಗನು ಕಂಡುಹಿಡಿದುದು 1835ರಲ್ಲಿ. ಇಂದಿನ ನಿರ್ಮಲ ಕನ್ನಡಿಯನ್ನು ಕಂಡವನಿಗೆ ಆ ಉಪಮೆಯು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ಇನ್ನು ಪ್ರಯೋಗಶಾಲೆಗೆ ಬರೋಣ. ಬೆಳಕು ಕಡಮೆಯಾಗಿದೆಯೆಂದು ಹೇಳಲು ತಕ್ಕ ಪದ ‘ಡಿಮ್‌ಲಿ’. ದೀಪವು ಮಂದವಾಗಿ ಉರಿಯಿತೆಂಬುದಕ್ಕೆ ‘ದ ಲ್ಯಾಂಪ್ ಬರ್ನ್ಡ್ ಡಿಮ್‌ಲಿ’ ಎನ್ನಬೇಕು. ಆದರೆ ‘ವಾಸ್’ ಎಂಬುದರ ಮುಂದೆ ವಸ್ತುವಿನ ಗುಣವನ್ನು ಹೇಳುವಾಗ ಗುಣವಾಚಕವೇ ಬರಬೇಕು: ‘ದ ಲ್ಯಾಂಪ್ ವಾಸ್ ಡಿಮ್’.

ಈ ಭೇದವು ಕೇವಲ ವ್ಯಾಕರಣದ್ದಲ್ಲ. ಬೆಳಕಿನ ವ್ಯತಿಕರಣದಲ್ಲಿ ಪ್ರಕಾಶದ ಪಟ್ಟಿಗಳೂ ಕಪ್ಪು ಪಟ್ಟಿಗಳೂ ಒಂದಾದ ಮೇಲೊಂದು ತೋರುತ್ತವೆ. ಪ್ರಕಾಶದ ಪಟ್ಟಿಯು ಮಂದವಾಗಿದ್ದಾಗ ಅದನ್ನು ‘ಡಾರ್ಕ್’ ಎಂದು ಬರೆದರೆ, ಓದುವವನು ಅಲ್ಲಿ ಕಪ್ಪು ಪಟ್ಟಿಯಿದ್ದಿತೆಂದೇ ತಿಳಿಯುವನು. ಪಟ್ಟಿಗಳ ಎಣಿಕೆಯೇ ತಪ್ಪೀತು. ಮಂದತೆಯನ್ನು ಪ್ರಕಾಶಮಾಪಕದಿಂದ ಅಳೆಯಬಹುದು. ‘ಡಾರ್ಕ್‌ಲಿ’ ಸೂಚಿಸುವ ಮನಸ್ಸಿನ ಮುಸುಕನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಅದನ್ನು ಕಥೆಗಾರರಿಗೆ ಬಿಡುವುದೇ ಲೇಸು.