ಗ್ರಹಗಳ ಹೆಸರಿಗಿಂತ ಮೊದಲು ಅಂಗಳದ ನೆರಳು

ಪುಟ್ಟ ಮಕ್ಕಳಿಗೆ ಬಾಹ್ಯಾಕಾಶದ ಪಾಠ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಗೋಡೆಯ ಮೇಲಿನ ಸೌರಮಂಡಲದ ಚಿತ್ರಪಟ. ಬುಧ, ಶುಕ್ರ, ಭೂಮಿ, ಮಂಗಳ ಎಂದು ಮಗು ಒಂದೇ ಉಸಿರಿಗೆ ಒಪ್ಪಿಸುತ್ತದೆ, ಮನೆಯವರು ಹಿಗ್ಗುತ್ತಾರೆ. ನಾನು ಪುಣೆ ಜಿಲ್ಲೆಯ ಭೋರ್ ತಾಲೂಕಿನಲ್ಲಿ ಕಿರಿಯ ತರಗತಿಗಳಿಗೆ ಕಲಿಸುತ್ತ ಬಂದವಳು. ತವರು ವಿಜಯಪುರ ಜಿಲ್ಲೆ, ಮದುವೆಯಾಗಿ ಸೇರಿದ್ದು ಈ ಊರಿಗೆ. ಮರಾಠಿ ಮಾತಾಡುವ ಈ ಮಕ್ಕಳ ಜೊತೆ ಇಷ್ಟು ವರ್ಷ ಕಳೆದ ಮೇಲೆ ನನಗೆ ಒಂದು ಸಂಗತಿ ಖಚಿತವಾಗಿದೆ. ಆರು, ಏಳು ವರ್ಷದ ಮಗುವಿಗೆ ಆಕಾಶ ಮೊದಲು ಕಣ್ಣಿಗೆ ಸಿಗಬೇಕು. ಹೆಸರುಗಳು ಆಮೇಲೆ ಬರಲಿ, ಆಗ ಅವು ಮರೆಯುವುದಿಲ್ಲ.

2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳನ್ನು ಒಂದೇ ಹಂತಕ್ಕೆ ಸೇರಿಸಿತು. ಒಂದು ಮತ್ತು ಎರಡನೆಯ ತರಗತಿಗೆ ವಿಜ್ಞಾನವೆಂಬ ಪ್ರತ್ಯೇಕ ವಿಷಯವಿಲ್ಲ. ಆಟದಲ್ಲಿ, ಮಾತಿನಲ್ಲಿ, ಸುತ್ತಮುತ್ತಲಿನದನ್ನು ನೋಡುವುದರಲ್ಲಿ ಅದು ಬೆರೆತಿರಬೇಕು. ಮರುವರ್ಷದ ಶಾಲಾ ಶಿಕ್ಷಣದ ಚೌಕಟ್ಟು ಮೂರರಿಂದ ಐದನೆಯ ತರಗತಿಯವರೆಗೆ ನಮ್ಮ ಸುತ್ತಲಿನ ಜಗತ್ತನ್ನೇ ಒಂದು ವಿಷಯವಾಗಿ ಇಟ್ಟಿತು. ಮಹಾರಾಷ್ಟ್ರದ ಒಂದನೆಯ ತರಗತಿಗೆ ಹೊಸ ಪಠ್ಯಕ್ರಮ ಬಂದದ್ದು 2025-26ರಲ್ಲಿ. “ಹಾಗಾದರೆ ಆಕಾಶದ ಪಾಠ ಎಲ್ಲಿ ಹೋಯಿತು?” ಎಂದು ಜೊತೆಯ ಶಿಕ್ಷಕಿಯರು ಕೇಳಿದರು. ಅಂಗಳಕ್ಕೆ ಬಂದಿದೆ ಎಂಬುದು ನನ್ನ ಉತ್ತರ. ಅಮೆರಿಕದಲ್ಲಿ 2013ರಲ್ಲಿ ರೂಪಿಸಿದ ವಿಜ್ಞಾನ ಮಾನದಂಡಗಳೂ ಒಂದನೆಯ ತರಗತಿಯಿಂದ ಗ್ರಹಗಳ ಪಟ್ಟಿ ಕೇಳುವುದಿಲ್ಲ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ಗಮನಿಸಿ ಅವುಗಳ ನಡೆಯಲ್ಲಿರುವ ಕ್ರಮವನ್ನು ಗುರುತಿಸಬೇಕು, ಹಗಲಿನ ಉದ್ದ ವರ್ಷದುದ್ದಕ್ಕೂ ಹೇಗೆ ಬದಲಾಗುತ್ತದೆ ಎಂದು ನೋಡಬೇಕು, ಅಷ್ಟೇ.

ಕೋಲು ಮತ್ತು ಕಲ್ಲು

ನಮ್ಮ ಮೊದಲ ಉಪಕರಣ ಒಂದು ಮೀಟರ್ ಉದ್ದದ ಬಿದಿರುಕೋಲು. ಮಳೆಗಾಲ ಮುಗಿದು ಬಿಸಿಲು ನೆಟ್ಟಗಾದ ಮೇಲೆ ಅದನ್ನು ಅಂಗಳದ ಸಮತಟ್ಟು ಜಾಗದಲ್ಲಿ ನೆಡುತ್ತೇವೆ. ಒಂದೊಂದು ಗಂಟೆ ಬಾರಿಸಿದಾಗಲೂ ಇಬ್ಬರು ಮಕ್ಕಳು ಓಡಿಹೋಗಿ ನೆರಳಿನ ತುದಿಗೆ ಒಂದು ಕಲ್ಲು ಇಟ್ಟು ಬರುತ್ತಾರೆ. ಮೂರು ಕಲ್ಲು ಆದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಮುಂದಿನ ಕಲ್ಲು ಎಲ್ಲಿ ಬೀಳುತ್ತದೆ? ಪ್ರತಿಯೊಬ್ಬರೂ ತಮಗೆ ತೋಚಿದ ಜಾಗದಲ್ಲಿ ರಂಗೋಲಿ ಪುಡಿಯಿಂದ ಒಂದು ಸೊನ್ನೆ ಬರೆಯುತ್ತಾರೆ. ಒಬ್ಬ ಹುಡುಗ ಹಿಂದಿನ ಕಲ್ಲಿನ ಪಕ್ಕದಲ್ಲೇ ಬರೆದ. ಒಬ್ಬ ಹುಡುಗಿ ಕಲ್ಲುಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದು, ಅಷ್ಟೇ ದೂರಕ್ಕೆ ಬರೆದಳು. ಗಂಟೆ ಹೊಡೆಯಿತು, ಎಲ್ಲರೂ ಕೋಲಿನ ಸುತ್ತ ಕುಕ್ಕರುಗಾಲಲ್ಲಿ ಕೂತರು. ನೆರಳಿನ ತುದಿ ಆಕೆಯ ಸೊನ್ನೆಯ ಅಂಚನ್ನು ಮುಟ್ಟಿತ್ತು. ಮರುದಿನ ಎಲ್ಲರೂ ಗೇಣು ಹಾಕಿ ಅಳೆಯತೊಡಗಿದರು, ನಾನು ಹೇಳಿಕೊಡಬೇಕಾಗಲಿಲ್ಲ. ನೋಡುವುದು, ಅಂದಾಜು ಮಾಡುವುದು, ಕಾದು ಪರೀಕ್ಷಿಸುವುದು, ಈ ಮೂರೂ ಅಲ್ಲಿ ನಡೆದಿದ್ದವು. ಇದಕ್ಕಿಂತ ದೊಡ್ಡ ವಿಜ್ಞಾನ ಪಾಠವನ್ನು ಆ ವಯಸ್ಸಿಗೆ ನಾನು ಕಂಡಿಲ್ಲ.

ಇಲ್ಲಿ ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಬರಿಗಣ್ಣಿನಿಂದ ಸೂರ್ಯನನ್ನು ನೋಡಕೂಡದು. ನೆರಳನ್ನು ನೋಡಿದರೆ ಸೂರ್ಯನನ್ನೇ ನೋಡಿದ ಹಾಗೆ ಎಂದು ಮಕ್ಕಳಿಗೆ ಮೊದಲ ದಿನವೇ ಹೇಳುತ್ತೇನೆ.

ತಿಂಗಳಿಗೊಮ್ಮೆ ನಡುಹಗಲಿನ ನೆರಳನ್ನು ಒಂದು ದಾರದಿಂದ ಅಳೆದು, ದಾರವನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತೇವೆ. ಭೋರ್ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಒಂದು ಮೀಟರ್ ಕೋಲಿನ ನಡುಹಗಲಿನ ನೆರಳು ಡಿಸೆಂಬರ್ 22ರ ಹೊತ್ತಿಗೆ ಸುಮಾರು 89 ಸೆಂ.ಮೀ. ಇರುತ್ತದೆ, ಮಾರ್ಚ್ 21ರ ಹೊತ್ತಿಗೆ 33 ಸೆಂ.ಮೀ.ಗೆ ಇಳಿಯುತ್ತದೆ. ಅಂಕಿ ಓದಲು ಬಾರದ ಮಗುವಿಗೂ ದಾರಗಳ ಸಾಲು ಅರ್ಥವಾಗುತ್ತದೆ. ಮೇ 12ರ ಆಸುಪಾಸಿನಲ್ಲಿ ಮಧ್ಯಾಹ್ನ 12.30ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳು ಕೋಲಿನ ಬುಡದಲ್ಲಿ ಅಡಗುತ್ತದೆ. ಅದೇ ಶೂನ್ಯ ನೆರಳಿನ ದಿನ. ಆಗ ಇಲ್ಲಿ ಬೇಸಿಗೆ ರಜೆ. ಜುಲೈ ಕೊನೆಯಲ್ಲಿ ಅದು ಮತ್ತೊಮ್ಮೆ ಬರುತ್ತದೆ, ಆಗ ಸಹ್ಯಾದ್ರಿಯ ಮಳೆ. ಹಾಗಾಗಿ ಆ ಒಂದು ದಿನವನ್ನು ನೆಚ್ಚಿಕೊಳ್ಳದೆ, ನೆರಳು ತಿಂಗಳಿನಿಂದ ತಿಂಗಳಿಗೆ ಕುಗ್ಗುವುದನ್ನೇ ಪಾಠವಾಗಿ ಹಿಡಿದೆವು. ರಜೆಗೆ ಹೋಗುವ ಮಕ್ಕಳಿಗೆ, ಮೇ ತಿಂಗಳಲ್ಲಿ ಮನೆಯ ಮುಂದೆ ಒಂದು ಕೋಲು ನೆಟ್ಟು ನೋಡಿ ಎಂದು ಹೇಳಿ ಕಳಿಸುತ್ತೇನೆ. ಕರ್ನಾಟಕದ ಶಿಕ್ಷಕರಿಗೆ ಆ ದಿನವನ್ನು ಶಾಲೆಯಲ್ಲೇ ತೋರಿಸುವ ಅನುಕೂಲ ಹೆಚ್ಚು. ಬೆಂಗಳೂರಿನಲ್ಲಿ ಎರಡನೆಯ ಶೂನ್ಯ ನೆರಳಿನ ದಿನ ಆಗಸ್ಟ್ 18ರ ಹೊತ್ತಿಗೆ, ಶಾಲೆ ನಡೆಯುವಾಗಲೇ ಬರುತ್ತದೆ.

ಭೋರ್‌ನ ಸುತ್ತಲಿನ ಗುಡ್ಡಗಳೂ ನಮಗೆ ಪಾಠೋಪಕರಣ. ದಿಗಂತದ ಗುಡ್ಡಸಾಲನ್ನು ಒಂದು ಉದ್ದ ಕಾಗದದ ಮೇಲೆ ಬರೆದಿಟ್ಟುಕೊಂಡು, ಸೂರ್ಯ ಯಾವ ಗುಡ್ಡದ ಹಿಂದೆ ಮುಳುಗಿದ ಎಂದು ಮಕ್ಕಳು ಮನೆಯಿಂದ ನೋಡಿ ಬಂದು ಗುರುತು ಹಾಕುತ್ತಾರೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಮುಳುಗುವ ಜಾಗ ಸುಮಾರು 50 ಡಿಗ್ರಿ ಸರಿಯುತ್ತದೆ. ತೋಳು ನೀಡಿ ಹಿಡಿದರೆ ಐದು ಮುಷ್ಟಿಯ ಅಗಲ. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂಬ ಒಂದು ಸಾಲಿನ ಉತ್ತರದ ಒಳಗೆ ಇಷ್ಟೊಂದು ಇದೆ ಎಂದು ಮಕ್ಕಳು ತಾವೇ ಕಂಡುಕೊಂಡರು.

ಮನೆಯಲ್ಲೇ ಇರುವ ವೀಕ್ಷಕರು

ಚಂದ್ರನ ಪಾಠಕ್ಕೆ ನನಗೆ ನೆರವಾದವರು ಮಕ್ಕಳ ಅಜ್ಜಿಯರು. ಸಂಕಷ್ಟಿ ಚತುರ್ಥಿಯ ದಿನ ಈ ಭಾಗದ ಅನೇಕ ಮನೆಗಳಲ್ಲಿ ಚಂದ್ರನನ್ನು ನೋಡಿಯೇ ಉಪವಾಸ ಬಿಡುವುದು. ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಆ ದಿನದ ಚಂದ್ರೋದಯದ ಹೊತ್ತು ಅಚ್ಚಾಗಿರುತ್ತದೆ. ಹುಣ್ಣಿಮೆಯ ದಿನ ಸಂಜೆಗೇ ಬಂದ ಚಂದ್ರ, ನಾಲ್ಕು ದಿನ ಬಿಟ್ಟು ಯಾಕೆ ರಾತ್ರಿ ಒಂಬತ್ತರ ಸುಮಾರಿಗೆ ಬರುತ್ತಾನೆ? ಅಜ್ಜಿಯನ್ನು ಕೇಳಿ ಬನ್ನಿ ಎಂದೆ. “ದಿನಾ ತಡ ಮಾಡಿ ಬರ್ತಾನಂತೆ ಮ್ಯಾಡಮ್” ಎಂದು ಒಬ್ಬ ಉತ್ತರ ತಂದ. ದಿನಕ್ಕೆ ಸರಾಸರಿ 50 ನಿಮಿಷ ತಡ ಎಂಬುದು ಲೆಕ್ಕ. ಆ ಲೆಕ್ಕ ಅವನಿಗೆ ಮುಂದಿನ ತರಗತಿಗಳಲ್ಲಿ ಸಿಗುತ್ತದೆ, ಸಂಗತಿಯಂತೂ ಆಗಲೇ ಕೈಗೆ ಬಂದಿತ್ತು. ಅಷ್ಟಮಿಯ ಹೊತ್ತಿಗೆ ಅದೇ ಚಂದ್ರ ಶಾಲೆಯ ಪ್ರಾರ್ಥನೆಯ ವೇಳೆ ಪಶ್ಚಿಮದಲ್ಲಿ ಬೆಳ್ಳಗೆ ಕಾಣುತ್ತಾನೆ. ಚಂದ್ರ ರಾತ್ರಿಯವನು, ಸೂರ್ಯ ಹಗಲಿನವನು ಎಂದು ನಂಬಿದ್ದ ಮಕ್ಕಳು ಹಗಲಿನ ಚಂದ್ರನನ್ನು ಬೆರಳು ಮಾಡಿ ತೋರಿಸಿದ ಬೆಳಗ್ಗೆ ತರಗತಿಯಲ್ಲಿ ಬೇರೆ ಯಾವ ಪಾಠವೂ ಬೇಕಾಗಲಿಲ್ಲ.

ನನ್ನ ತವರಿನ ಕಡೆ ಯುಗಾದಿಯ ಮರುದಿನ ಸಂಜೆ ಚಂದ್ರದರ್ಶನಕ್ಕೆ ಮಾಳಿಗೆ ಹತ್ತುತ್ತಿದ್ದೆವು. ಆ ತೆಳು ಚಂದ್ರ ಎರಡೂ ಕೋಡು ಮೇಲಕ್ಕೆತ್ತಿ ದೋಣಿಯ ಹಾಗೆ ಮಲಗಿರುತ್ತಾನೆ. ಎಷ್ಟೋ ಚಿತ್ರಪುಸ್ತಕಗಳಲ್ಲಿ ಇರುವುದು ನೆಟ್ಟಗೆ ನಿಂತ ಚಂದ್ರ, ದೂರದ ಉತ್ತರ ದೇಶಗಳ ಆಕಾಶದವನು. ಮಕ್ಕಳು ಬಿಡಿಸಿ ತಂದ ಮಲಗಿದ ಚಂದ್ರನನ್ನು ತಪ್ಪೆಂದು ಯಾರೂ ತಿದ್ದಬಾರದು. ಅವರು ನೋಡಿ ಬರೆದಿದ್ದಾರೆ.

ಮಗುವಿನ ವಿವರಣೆಗೆ ಜಾಗ

ಭೂಮಿ ಗುಂಡಗಿದೆ ಎಂದು ಹೇಳುವ ಮಗುವಿನ ಮನಸ್ಸಿನಲ್ಲಿ ಏನಿರುತ್ತದೆ? ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಮಕ್ಕಳು ಗುಂಡನೆಯ ಭೂಮಿಯ ಒಳಗೆ ಸಮತಟ್ಟು ನೆಲದ ಮೇಲೆ ಜನ ಇದ್ದಾರೆಂದು ಭಾವಿಸಿದ್ದರು. ಹೈದರಾಬಾದಿನ ಮಕ್ಕಳ ಜೊತೆ ನಡೆದ ಇಂಥದೇ ಅಧ್ಯಯನ 1996ರಲ್ಲಿ ಬಂತು. ಅಲ್ಲಿ ನೀರಿನ ಮೇಲೆ ನಿಂತ ಭೂಮಿಯ ಕಲ್ಪನೆ ಕಂಡುಬಂತು. ಮಗು ಕೇಳಿದ ಕಥೆ, ಕಂಡ ನೆಲ, ಕಲಿತ ಪಾಠ ಎಲ್ಲವನ್ನೂ ಹೊಂದಿಸಿ ತನ್ನದೇ ಲೋಕ ಕಟ್ಟಿಕೊಳ್ಳುತ್ತದೆ. ಅದನ್ನು ಮೊದಲು ಕೇಳಿಸಿಕೊಳ್ಳಬೇಕು.

“ಮಧ್ಯಾಹ್ನ ಸೂರ್ಯ ಹತ್ತಿರ ಬರ್ತಾನೆ, ಅದಕ್ಕೇ ನೆರಳು ಗಿಡ್ಡ ಆಗೋದು” ಎಂದಳು ಒಬ್ಬಳು. ಕೈಗೆ ಬ್ಯಾಟರಿ ಕೊಟ್ಟೆ, ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸಿದೆ. ದೀಪವನ್ನು ಪಕ್ಕದಿಂದಲೇ ಹತ್ತಿರ ತಂದು ನೋಡಿದಳು, ನೆರಳು ಗಿಡ್ಡವಾಗಲಿಲ್ಲ. ಮೇಲಕ್ಕೆ ಎತ್ತಿದಳು, ಗಿಡ್ಡವಾಯಿತು. “ಹತ್ತಿರ ಅಲ್ಲ, ಎತ್ತರ” ಎಂದಳು. ಆ ಮಾತು ಅವಳದೇ ಆದ್ದರಿಂದ ಅವಳ ಜೊತೆ ಉಳಿಯಿತು.

ದೇಹವನ್ನೇ ಬಳಸಿ ಕಲಿಸುವುದಕ್ಕೂ ನಮ್ಮ ರಾಜ್ಯದಲ್ಲೇ ಗಟ್ಟಿ ಆಧಾರವಿದೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಶಮೀನ್ ಪಡಲ್ಕರ್ ಮತ್ತು ಜಯಶ್ರೀ ರಾಮದಾಸ್ ಅವರು ಮಹಾರಾಷ್ಟ್ರದ ಗ್ರಾಮೀಣ ಮತ್ತು ಆದಿವಾಸಿ ಮಕ್ಕಳಿಗೆ ಕೈಸನ್ನೆ, ಮೈಚಲನೆಗಳ ಮೂಲಕ ಖಗೋಳ ಕಲಿಸಿದ ಅಧ್ಯಯನ ಪ್ರಕಟಿಸಿದ್ದಾರೆ. ಅವರ ವಿದ್ಯಾರ್ಥಿಗಳು ನಮ್ಮವರಿಗಿಂತ ದೊಡ್ಡವರು. ಆದರೂ ನಿಂತಲ್ಲೇ ತಿರುಗುವ ಮಗುವಿನ ಮುಖಕ್ಕೆ ದೀಪದ ಬೆಳಕು ಬಂದು ಹೋಗುವ ಆಟ ಏಳು ವರ್ಷದವರಿಗೂ ಒಗ್ಗುತ್ತದೆ.

ಇದೆಲ್ಲದರ ನಡುವೆ ಚಂದ್ರಯಾನ ಎಲ್ಲಿ ಎಂದು ಪಾಲಕರು ಕೇಳುತ್ತಾರೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದದ್ದನ್ನು ನಾವು ಪ್ರತಿವರ್ಷ ಆ ದಿನ ನೆನೆಯುತ್ತೇವೆ. ವಿಕ್ರಮ್ ಇಳಿದದ್ದು ಅಲ್ಲಿ ಬೆಳಗಾದ ಮೇಲೆ. ಅದಕ್ಕೆ ವಿದ್ಯುತ್ ಸಿಗುತ್ತಿದ್ದದ್ದು ಬಿಸಿಲಿನಿಂದ. ಅಲ್ಲಿನ ಒಂದು ಹಗಲು ನಮ್ಮ ಸುಮಾರು 14 ದಿನ. ವರ್ಷಪೂರ್ತಿ ಕೋಲಿನ ನೆರಳು ಅಳೆದು ಎರಡನೆಯ ತರಗತಿಗೆ ಬಂದ ಮಕ್ಕಳು ಇದನ್ನು ಕೇಳಿ, “ಅಲ್ಲಿ ನೆರಳು ನಿಧಾನ ಸರಿಯುತ್ತಾ?” ಎಂದರು. ಹೌದು, ಬಹಳ ನಿಧಾನ. ಆ ಪ್ರಶ್ನೆ ಕೇಳಬಲ್ಲ ಮಗುವಿಗೆ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಚಂದ್ರಯಾನದ ಸಂಕೇತ ಹಿಡಿದ 32 ಮೀಟರ್ ಆಂಟೆನಾ ಕುರಿತು ಹೇಳಿದರೂ ಅದು ಕಥೆಯಾಗಿ ಉಳಿಯುವುದಿಲ್ಲ, ಅರ್ಥವಾಗುತ್ತದೆ.

ಹೊಸ ಪಠ್ಯಕ್ರಮ ಕೈಯಲ್ಲಿ ಹಿಡಿದು ಎಲ್ಲಿಂದ ಶುರುಮಾಡಲಿ ಎನ್ನುವ ಶಿಕ್ಷಕಿಯರಿಗೆ ನಾನು ಹೇಳುವುದಿಷ್ಟೆ. ಒಂದು ಕೋಲು, ಒಂದು ಬ್ಯಾಟರಿ, ದಾರದ ಉಂಡೆ, ಗೋಡೆಯ ಕ್ಯಾಲೆಂಡರು, ಇವು ಸಾಕು. ಒಂದೇ ವಾರದಲ್ಲಿ ಮುಗಿಸುವ ಪಾಠವೆಂದು ಇದನ್ನು ನೋಡಬೇಡಿ, ವರ್ಷಕ್ಕೆ ಹಂಚಿ. ಮಗುವಿನ ಪ್ರಗತಿ ಬರೆಯುವಾಗ ಎಷ್ಟು ಗ್ರಹಗಳ ಹೆಸರು ಗೊತ್ತು ಎನ್ನುವುದರ ಬದಲು, ಏನನ್ನು ಗಮನಿಸಿತು, ಮುಂದೆ ಏನಾಗುತ್ತದೆ ಎಂದು ಹೇಳಿತು, ಅದು ಆಗದಿದ್ದಾಗ ತನ್ನ ಮಾತನ್ನು ಹೇಗೆ ಬದಲಿಸಿತು ಎಂದು ಬರೆಯಿರಿ. ಈ ಮೂರು ಅಭ್ಯಾಸ ಎಂಟು ವರ್ಷದೊಳಗೆ ಕೂಡಿದರೆ, ಮುಂದಿನ ತರಗತಿಯ ಯಾವ ಪುಸ್ತಕವೂ ಆ ಮಗುವಿಗೆ ಭಾರವಾಗುವುದಿಲ್ಲ.