ಅಂದಗೆಟ್ಟ ಮನೆಗೆ ಮುಖಕಳೆ: ರಾವಂದೂರು ಸೀಮೆಯವರಿಗೆ ಹನ್ನೊಂದು ಸೂತ್ರಗಳು

ರಾವಂದೂರು ಹೋಬಳಿಯ ಯಾವ ಊರಿನ ಬೀದಿಯಲ್ಲಿ ನಡೆದರೂ ಮೂರು ಬಗೆಯ ಮನೆಗಳು ಎದುರಾಗುತ್ತವೆ. ತಾತನ ಕಾಲದ ಮಣ್ಣುಗೋಡೆಯ ಹೆಂಚಿನ ಮನೆ, ವಸತಿ ಯೋಜನೆಯ ಹಣದಲ್ಲಿ ಎದ್ದು ಗಾರೆ ಕಾಣದೆ ನಿಂತ ಸಿಮೆಂಟ್ ಇಟ್ಟಿಗೆಯ ಮನೆ, ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ಕಟ್ಟಿದ ಆರ್‌ಸಿಸಿ ಮನೆ. ‘ನಮ್ಮನೆ ನೋಡೋಕೆ ಚೆನ್ನಾಗಿಲ್ಲ’ ಎಂಬ ಕೊರಗು ಮೂರರಲ್ಲೂ ಇದೆ. ಹಾಗೆಂದು ಕೆಡವಿ ಕಟ್ಟುವ ಮಾತು ಬೇಡ. ಮನೆಯ ಹೊರನೋಟ ಕೆಡಿಸುವುದು ಬಹುಪಾಲು ನೀರು, ಆಮೇಲೆ ಎಲ್ಲೆಂದರಲ್ಲಿ ಬಿದ್ದ ಸಾಮಾನು. ಎರಡನ್ನೂ ಸರಿಮಾಡಲು ಲಕ್ಷಾಂತರ ಬೇಕಿಲ್ಲ.

1. ಮೊದಲು ನೀರಿಗೆ ದಾರಿ ಮಾಡಿ

ಕಿಟಕಿಯ ಕೆಳಗೆ, ಸಜ್ಜಾದ ಅಂಚಿನಲ್ಲಿ, ಪ್ಯಾರಪೆಟ್ ಗೋಡೆಯ ಮೇಲೆ ಇಳಿದ ಕಪ್ಪು ಗೆರೆಗಳೇ ಮನೆಗೆ ಮುದಿಕಳೆ ತರುವುದು. ಮಳೆನೀರು ಗೋಡೆ ಹಿಡಿದು ಇಳಿದಲ್ಲಿ ಪಾಚಿ ಕಟ್ಟಿ, ಒಣಗಿ ಕಪ್ಪಾಗುತ್ತದೆ. ಎಷ್ಟು ದುಬಾರಿ ಬಣ್ಣ ಹೊಡೆಸಿದರೂ ಆ ಗೆರೆ ಮರುವರ್ಷ ಅಲ್ಲೇ ಮೂಡುತ್ತದೆ. ಒಂದು ಪರೀಕ್ಷೆ ಮಾಡಿ: ಏಣಿ ಹಾಕಿಸಿ ಸಜ್ಜಾದ ಮೇಲೆ ಒಂದು ಬಿಂದಿಗೆ ನೀರು ಸುರಿಸಿ, ನೀವು ಕೆಳಗೆ ನಿಂತು ನೋಡಿ. ನೀರು ಅಂಚಿನಿಂದ ನೇರವಾಗಿ ನೆಲಕ್ಕೆ ಬಿದ್ದರೆ ಸರಿ. ಅಂಚಿನಡಿಗೆ ಹೊರಳಿ ಗೋಡೆಯತ್ತ ಹರಿದು ಬಂದರೆ ಅಲ್ಲಿ ಹನಿ ತಡೆಯುವ ಗೆರೆ (ಗ್ರೂವ್) ಬಿಟ್ಟಿಲ್ಲವೆಂದು ಅರ್ಥ. ಸಜ್ಜಾದ ಅಡಿಯಲ್ಲಿ, ಹೊರ ಅಂಚಿನಿಂದ ಒಂದೂವರೆ ಇಂಚು ಒಳಗೆ, ಕಿರುಬೆರಳ ಅಗಲದ ಗೆರೆ ತೆಗೆಸಿ. ಕಾಂಕ್ರೀಟಿನ ಕಂಬಿಗೆ ತಾಗಬಾರದು, ಗಾರೆಯ ಪದರದಲ್ಲೇ ತೆಗೆಯಬೇಕು. ಹರಿದು ಬಂದ ಹನಿ ಆ ಗೆರೆ ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಣ್ಣ ಮನೆಗೆ ಇದು ಒಂದೆರಡು ದಿನದ ಕೆಲಸ, ಉಪಯೋಗ ಮಾತ್ರ ಮನೆ ಇರುವವರೆಗೆ.

ಕಿಟಕಿ ಕೆಳಗಿನ ಕಲ್ಲು ಗೋಡೆಯಿಂದ ಒಂದಿಂಚಾದರೂ ಹೊರಗೆ ಚಾಚಿರಲಿ. ಪ್ಯಾರಪೆಟ್ ತಲೆಗೆ ತಾರಸಿಯ ಕಡೆ ಇಳಿಜಾರು ಕೊಡಿಸಿ. ಹೊರಕ್ಕೆ ಇಳಿಜಾರಿದ್ದರೆ ಮೇಲೆ ಕೂತ ದೂಳೆಲ್ಲ ಮೊದಲ ಮಳೆಗೇ ಮುಂದಿನ ಗೋಡೆಗೆ ಇಳಿಯುತ್ತದೆ. ತಾರಸಿ ನೀರಿನ ಪೈಪು ಮೊಂಡಾಗಿ ಗೋಡೆಯ ಮಟ್ಟಕ್ಕೇ ನಿಂತಿದ್ದರೆ ನೆಲದವರೆಗೆ ಇಳಿಸಿ.

2. ಉಪ್ಪು ಎದ್ದ ಗೋಡೆಯ ಮೇಲೆ ಪುಟ್ಟಿ ಬೇಡ

ಬುಡದಿಂದ ಎರಡು ಮೂರಡಿವರೆಗೆ ಬಣ್ಣ ಉಬ್ಬಿ ಉದುರುತ್ತಿದೆಯೇ? ನೆಲದ ತೇವ ಮೇಲೇರುವಾಗ ಜೊತೆಗೆ ಉಪ್ಪನ್ನೂ ತಂದಿದೆ. ಗೋಡೆಗೆ ಒತ್ತಿಕೊಂಡ ಮಣ್ಣು ತೆಗೆಸಿ, ಅಂಗಳದ ನೀರು ಮನೆಯಿಂದ ಆಚೆ ಹರಿಯುವಂತೆ ಮಾಡಿ, ಬಚ್ಚಲ ನೀರು ಗೋಡೆ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದಲೇ ಉಜ್ಜಬೇಕು. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು ಆಮೇಲೆ ಬಣ್ಣದ ಯೋಚನೆ ಮಾಡಿ.

3. ಮಣ್ಣುಗೋಡೆಗೆ ಸುಣ್ಣ, ಸುಣ್ಣವೇ

ಇದೊಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮಣ್ಣಿನ ಗೋಡೆ ತೇವ ಹೀರಿ ತೇವ ಬಿಡುತ್ತ ಬದುಕುತ್ತದೆ. ಅದಕ್ಕೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸಿಮೆಂಟ್ ಗಾರೆ ಮೆತ್ತಿದರೆ ಕೆಲವು ವರ್ಷಕ್ಕೆ ಗೋಡೆಗೂ ಗಾರೆಗೂ ನಂಟು ಬಿಟ್ಟು ಹಕ್ಕಳೆ ಹಕ್ಕಳೆಯಾಗಿ ಕಳಚುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗೋಡೆಯ ಮೇಲೆ ಮತ್ತೆ ಸುಣ್ಣದ ಕಲ್ಲಾಗುತ್ತದೆ, ಆದರೂ ಗೋಡೆಯ ಉಸಿರು ಕಟ್ಟುವುದಿಲ್ಲ.

‘ಸುಣ್ಣ ಬಟ್ಟೆಗೆ ಮೆತ್ತುತ್ತೆ’ ಎನ್ನುವವರು ಬಳಿಯುವ ಕ್ರಮ ನೋಡಲಿ. ಸುಟ್ಟ ಸುಣ್ಣವನ್ನು ನೀರಿನ ಡ್ರಮ್ಮಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕುದಿ ಇಳಿಯಲು ಬಿಡಿ. ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳು ಹತ್ತಿರ ಸುಳಿಯಬಾರದು. ಎರಡು ಮೂರು ದಿನ ನೆನೆದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಗೋಂದು ಕರಗಿಸಿ ಬೆರೆಸಿ, ಚಿಟಿಕೆ ನೀಲಿ ಹಾಕಿ. ಹದ ಹಾಲಿನಷ್ಟು ತೆಳ್ಳಗಿರಬೇಕು. ಗೋಡೆಗೆ ಮೊದಲು ನೀರು ಚಿಮುಕಿಸಿ ಬಳಿಯಿರಿ. ಬಳಿದ ಕೂಡಲೇ ನೀರು ಸವರಿದಂತಷ್ಟೇ ಕಾಣುತ್ತದೆ. ಬೆಳ್ಳಗಾಗುವುದು ಒಣಗಿದ ಮೇಲೆ. ಅಲ್ಲಿಯವರೆಗೆ ತಾಳ್ಮೆಯಿಲ್ಲದೆ ಗಟ್ಟಿ ಸುಣ್ಣ ಬಳಿಯುವುದರಿಂದಲೇ ಅದು ಪುಡಿಯಾಗಿ ಉದುರಿ ಬಟ್ಟೆಗೆ ಮೆತ್ತುವುದು. ತೆಳ್ಳಗೆ ಮೂರು ಸಲ, ಒಂದೊಂದು ದಿನದ ಅಂತರದಲ್ಲಿ ಬಳಿಯಿರಿ, ಉರಿಬಿಸಿಲು ಬೇಡ.

4. ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ

ನಮ್ಮ ಕಡೆಯದು ಕೆಂಪು ನೆಲ. ಸೂರಿನಿಂದ ಬಿದ್ದ ನೀರು ಮಣ್ಣನ್ನು ಗೋಡೆಗೆ ಒಂದೂವರೆ ಅಡಿಯವರೆಗೆ ಸಿಡಿಸುತ್ತದೆ. ಹಿರಿಯರು ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿದು ಮೇಲೆ ಸುಣ್ಣ ಹೊಡೆಯುತ್ತಿದ್ದರು. ಸಿಡಿದ ಕೆಸರು ಕೆಂಪಿನಲ್ಲಿ ಕಾಣುತ್ತಲೇ ಇರಲಿಲ್ಲ. ಇಂದಿನ ಆರ್‌ಸಿಸಿ ಮನೆಗೂ ಇದೇ ಉಪಾಯ ಹೊಂದುತ್ತದೆ. ಬುಡದಿಂದ ಎರಡಡಿ ಇಟ್ಟಿಗೆಗೆಂಪು ಅಥವಾ ಕಂದು, ಮೇಲೆ ತಿಳಿ ಬಣ್ಣ. ತಗ್ಗು ಮನೆ ನೆಲಕ್ಕೆ ಭದ್ರವಾಗಿ ಕೂತಂತೆ ಕಾಣುತ್ತದೆ.

5. ಗಾರೆ ಕಾಣದ ಮನೆಗೆ ಮುಂಭಾಗದಿಂದ ಶುರುಮಾಡಿ

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲು ಪ್ರದೇಶದ ಮನೆಗೆ ನಿಗದಿ ಮಾಡಿದ ನೆರವು 1.20 ಲಕ್ಷ ರೂಪಾಯಿ, ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಹಂತ ಹಂತವಾಗಿ ಬರುವ ಹಣ ತಳಪಾಯ, ಗೋಡೆ, ಸೂರಿಗೇ ಮುಗಿಯುತ್ತದೆ. ಗಾರೆಯ ಹೊತ್ತಿಗೆ ಕೈ ಖಾಲಿ. ಇದರಲ್ಲಿ ಮನೆಯವರ ಅಸಡ್ಡೆ ಏನೂ ಇಲ್ಲ. ಎಲ್ಲ ಗೋಡೆಗೂ ಒಟ್ಟಿಗೆ ಗಾರೆ ಆಗದಿದ್ದರೆ ರಸ್ತೆಗೆ ಕಾಣುವ ಒಂದು ಗೋಡೆಗೆ ಮಾಡಿಸಿ. ಉಳಿದ ಮೂರಕ್ಕೆ ಇಟ್ಟಿಗೆಯ ಸಂದು ತುಂಬಿಸಿ ಎರಡು ಸಲ ಸಿಮೆಂಟ್ ಹಾಲು ಬಳಿಸಿ. ಹೊಸ ಗಾರೆಗೆ ವಾರವಾದರೂ ನೀರು ಉಣಿಸಿ, 28 ದಿನ ಕಳೆಯುವವರೆಗೆ ಬಣ್ಣ ಮುಟ್ಟಿಸಬೇಡಿ.

ಇನ್ನು ಮುಂದೆ ಕಟ್ಟುವವರಿಗೊಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅಚ್ಚುಕಟ್ಟಾಗಿ ಕಟ್ಟಿದರೆ ಆ ಗೋಡೆಗೆ ಗಾರೆಯೂ ಬೇಡ, ಬಣ್ಣವೂ ಬೇಡ.

6. ಬಣ್ಣ ಎರಡೇ, ಬಹಳವೆಂದರೆ ಮೂರು

ಗಿಳಿಹಸಿರು, ನೇರಳೆ, ಕಿತ್ತಳೆ ಅಂಗಡಿಯ ಪುಸ್ತಕದಲ್ಲಿ ಚೆಂದ. ನಮ್ಮ ಬಿಸಿಲಿನಲ್ಲಿ ಇಂಥ ಗಾಢ ಬಣ್ಣಗಳಲ್ಲಿ ಹಲವು ಬೇಗ ಪೇಲವವಾಗುತ್ತವೆ. ಕಾವಿ, ಕಂದು, ಅರಿಸಿನದ ಮಣ್ಣಿನ ಹಳದಿ ಕಬ್ಬಿಣದ ಆಕ್ಸೈಡಿನಿಂದ ಬರುವ ಬಣ್ಣಗಳು, ಬಿಸಿಲಿಗೆ ಜಗ್ಗುವುದಿಲ್ಲ. ಗೋಡೆಗೆ ಒಂದು ತಿಳಿ ಬಣ್ಣ, ಬುಡಕ್ಕೂ ಕಿಟಕಿಯ ಸುತ್ತಲಿನ ಪಟ್ಟಿಗೂ ಒಂದು ಗಾಢ ಬಣ್ಣ, ಬಾಗಿಲಿಗೆ ಬೇಕಾದರೆ ಮೂರನೆಯದು. ಮೂವತ್ತಡಿ ಉದ್ದ, ಹತ್ತಡಿ ಎತ್ತರದ ಮುಂಭಾಗದಲ್ಲಿ ಬಾಗಿಲು ಕಿಟಕಿ ಕಳೆದರೆ ಸುಮಾರು 250 ಚದರಡಿ. ಹೊರಗೋಡೆಯ ಎಮಲ್ಷನ್ ಎರಡು ಕೋಟ್‌ ಹೊಡೆದರೆ ಲೀಟರಿಗೆ ಹೆಚ್ಚೂಕಮ್ಮಿ 50 ಚದರಡಿ ಬರುತ್ತದೆ. ಅಂದರೆ ಐದು ಲೀಟರ್, ಮತ್ತೆ ಪ್ರೈಮರ್. ಈ ಲೆಕ್ಕ ಇಟ್ಟುಕೊಂಡು ಅಂಗಡಿಗೆ ಹೋಗಿ.

7. ಕಂಬಿ, ಪೈಪು, ವೈರು

ಮುಂದೆ ಮಹಡಿ ಕಟ್ಟೋಣವೆಂದು ಪಿಲ್ಲರ್ ಮೇಲೆ ಬಿಟ್ಟ ಕಂಬಿಗಳು ತುಕ್ಕು ಹಿಡಿದು ಗೋಡೆಗೆ ಕೆಂಪು ಕಣ್ಣೀರು ಇಳಿಸುತ್ತವೆ. ಸಿಮೆಂಟ್ ಹಾಲು ಸವರಿ ಬಡ ಕಾಂಕ್ರೀಟಿನಲ್ಲಿ ಮುಚ್ಚಿಸಿ, ಬೇಕಾದಾಗ ಒಡೆದುಕೊಳ್ಳಬಹುದು. ಪೈಪುಗಳಿಗೆ ಗೋಡೆಯದೇ ಬಣ್ಣ ಹೊಡೆಸಿ. ಡಿಶ್ಶನ್ನು ಹಿಂದಕ್ಕೆ ಸರಿಸಿ. ಜೋತುಬಿದ್ದ ವೈರುಗಳನ್ನು ಒಂದೇ ಮೂಲೆಯಲ್ಲಿ ಕ್ಲಿಪ್ಪು ಹೊಡೆದು ಇಳಿಸಿ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕೆಲಸ ಬೇರೆ ಇಲ್ಲ.

8. ಬ್ಯಾರನ್ ಪಕ್ಕದ ಮನೆ

ಪಿರಿಯಾಪಟ್ಟಣ, ಹುಣಸೂರು ಸೀಮೆಗೇ ವಿಶೇಷವಾದ ತೊಂದರೆಯಿದು. ಹೊಗೆಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ಬ್ಯಾರನ್‌ನ, ಅಂದರೆ ಸೊಪ್ಪು ಒಣಗಿಸುವ ಒಲೆಮನೆಯ, ಹೊಗೆಮಸಿ ಮನೆಯ ಒಂದು ಮಗ್ಗುಲಿಗೆ ಕೂರುತ್ತದೆ. ಮಸಿಯ ಮೇಲೆ ಬಣ್ಣ ನಿಲ್ಲದು. ಸೋಪಿನ ಪುಡಿ ಹಾಕಿದ ನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಪ್ರೈಮರ್. ಆ ಮಗ್ಗುಲಿಗೆ ಬಿಳಿ ಬೇಡ, ಬೂದುಗಂದು ಇರಲಿ. ಸೌದೆಯನ್ನು ಮುಂಬಾಗಿಲ ಪಕ್ಕ ಒಟ್ಟಬೇಡಿ. ನೋಟವೂ ಕೆಡುತ್ತದೆ, ಗೆದ್ದಲೂ ಬಾಗಿಲುವಾಡಕ್ಕೆ ದಾರಿ ಮಾಡಿಕೊಳ್ಳುತ್ತದೆ.

9. ಹೆಂಚನ್ನು ತೊಳೆಯಿರಿ, ಸಿಮೆಂಟ್ ಶೀಟನ್ನು ಉಜ್ಜಬೇಡಿ

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ನಮ್ಮ ಊರುಗಳವರೆಗೂ ಬಂದಿದೆ. ಅದರ ಮಣ್ಣುಗೆಂಪಿಗೆ ಆಯಿಲ್ ಪೇಂಟ್ ಸಾಟಿಯಲ್ಲ. ಇಳಿಸಿ, ನಾರಿನ ಬ್ರಷ್‌ನಲ್ಲಿ ಪಾಚಿ ಉಜ್ಜಿ, ಒಡೆದವನ್ನು ಬದಲಿಸಿ, ಸೂರಂಚಿನ ಪಟ್ಟಿಯನ್ನು ನೇರ ಮಾಡಿಸಿದರೆ ಸಾಕು. ಹಳೇ ಸಿಮೆಂಟ್ ಶೀಟಿನ ಮಾತು ಬೇರೆ. ಅದರಲ್ಲಿ ಕಲ್ನಾರಿನ ಎಳೆಗಳಿರುತ್ತವೆ, ಆ ದೂಳು ಶ್ವಾಸಕೋಶಕ್ಕೆ ಮಾರಕ. ತಂತಿ ಬ್ರಷ್ ತಾಗಿಸಬೇಡಿ, ಕೊರೆಯಬೇಡಿ, ಕತ್ತರಿಸಬೇಡಿ.

10. ಮುಂಭಾಗಕ್ಕೆಲ್ಲ ಟೈಲ್ಸ್ ಬೇಡ

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯಿದೆ. 2011ರಲ್ಲಿ ಕೆಡವಲು ಶುರುಮಾಡಿದ್ದು ನಿಂತು, ದುರಸ್ತಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅರ್ಧ ದುಂಡಗಿನ ಮುಂಭಾಗ, ಸಾಲು ಕಿಟಕಿ, ಬಿಳಿ ಗೋಡೆ, ಅಷ್ಟೇ. ಒಮ್ಮೆ ಹೋಗಿ ಎದುರಿಗೆ ನಿಂತು ನೋಡಿ. ಕಣ್ಣು ಹಿಡಿಯುವುದು ಕಿಟಕಿಗಳ ಅಳತೆ ಮತ್ತು ಸಾಲು. ನಿಮ್ಮ ಮನೆಯ ಕಿಟಕಿಗಳ ಮೇಲಂಚು ಬಾಗಿಲ ಮೇಲಂಚಿಗೆ ಸಮವಾಗಿಲ್ಲದಿದ್ದರೆ, ಬಣ್ಣದ ಪಟ್ಟಿಯಿಂದಲಾದರೂ ಒಂದು ಗೆರೆಗೆ ತನ್ನಿ. ಟೈಲ್ಸಿಗೆ ಇಡುವ ದುಡ್ಡಿನಲ್ಲಿ ಮರದ ಬಾಗಿಲನ್ನು ಉಜ್ಜಿಸಿ ಪಾಲಿಶ್ ಮಾಡಿಸಿ.

11. ಜಗುಲಿ, ಗಿಡ, ಮತ್ತು ಕೆಲಸದ ಕಾಲ

ಹೊಸ ಮನೆಗಳಲ್ಲಿ ಜಗುಲಿ ಮಾಯವಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬಾಗಿಲ ಎರಡೂ ಕಡೆ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿ ಕೆಂಪು ಗಾರೆ ನುಣ್ಣಗೆ ಉಜ್ಜಿಸಿದರೆ ಬೋಳು ಗೋಡೆಗೆ ಆಳ ಬರುತ್ತದೆ, ಬಂದವರು ಕೂರುತ್ತಾರೆ. ದಾಸವಾಳ, ನಂದಿಬಟ್ಟಲು, ಕನಕಾಂಬರವನ್ನು ಗೋಡೆಯಿಂದ ಎರಡು ಮೂರಡಿ ಬಿಟ್ಟು ನೆಡಿ. ಬುಡಕ್ಕೇ ನೆಟ್ಟರೆ ಹಾಕಿದ ನೀರೆಲ್ಲ ಗೋಡೆ ಕುಡಿಯುತ್ತದೆ.

ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆ ಬಣ್ಣದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸೊಪ್ಪಿನ ಹರಾಜಿನ ದುಡ್ಡೂ ಆಗ ಕೈಯಲ್ಲಿರುತ್ತದೆ, ಬ್ಯಾರನ್ ಒಲೆಯೂ ಆರಿರುತ್ತದೆ. ಯುಗಾದಿಗೆ ವಾರವಿದ್ದಾಗ ಪೇಂಟರ್‌ಗಳು ಸಿಗುವುದು ಕಷ್ಟ, ಸಂಕ್ರಾಂತಿ ಮುಗಿಯುತ್ತಲೇ ಮಾತಾಡಿಸಿಡಿ.